ಲಾಡ್ಜಿನಲ್ಲಿ ಹೇಳಿದ ಹೆಸರು

ನನ್ನ ಮದುವೆಯಾದದ್ದು 1967ರಲ್ಲಿ. ಸಿಂಧನೂರಿನ ಸುತ್ತ ಕಾಲುವೆ ನೀರು ಹರಿದು ಜೋಳದ ಹೊಲಗಳು ಒಂದೊಂದಾಗಿ ಭತ್ತದ ಗದ್ದೆಗಳಾಗುತ್ತಿದ್ದ ಕಾಲ. ನನ್ನ ತವರು ಮಸ್ಕಿ. ನಮ್ಮ ಮನೆಯವರು ಸಿಂಧನೂರಿನ ಕಾಲುವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ನನಗೆ ಹದಿನೆಂಟು, ಅವರಿಗೆ ಇಪ್ಪತ್ತನಾಲ್ಕು. ನಾನು ಎರಡನೇ ತರಗತಿಗೇ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿಕೊಂಡು ಹೇಗೋ ಓದುತ್ತಿದ್ದೆ, ಬರೆಯಲು ಬರುತ್ತಿರಲಿಲ್ಲ. ಈಗ ಇಷ್ಟು ಬರೆಯುತ್ತಿದ್ದೇನೆಂದರೆ ಅದು ಆಮೇಲೆ ಅವರೇ ಕಲಿಸಿದ್ದು.

ಅವರ ಆಫೀಸಿನಲ್ಲಿ ಮೈಸೂರು ಕಡೆಯ ಓವರ್‌ಸಿಯರ್ ಒಬ್ಬರಿದ್ದರು. ಬೃಂದಾವನ ತೋಟದಲ್ಲಿ ನೀರು ಬಣ್ಣ ಬಣ್ಣವಾಗಿ ಕುಣಿಯುತ್ತದೆ, ದೋಣಿಯಲ್ಲಿ ಕೂರಿಸಿ ಸುತ್ತಿಸುತ್ತಾರೆ, ಮದುವೆಯಾದ ಹೊಸದರಲ್ಲಿ ಪಟ್ಟಣದವರೆಲ್ಲ ಹನಿಮೂನಿಗೆ ಅಲ್ಲಿಗೇ ಹೋಗುತ್ತಾರೆ ಎಂದು ಅವರು ಹೇಳಿದ್ದೇ ತಡ, ಇವರ ತಲೆಯಲ್ಲಿ ಅದು ಹೊಕ್ಕು ಕೂತುಬಿಟ್ಟಿತು. ಮನೆಯಲ್ಲಿ ಹೇಳಿದರೆ ನಮ್ಮ ಅತ್ತೆ, ಹನಿಮೂನ ಅಂದರೆ ಯಾವ ದೇವರು ಎಂದು ಕೇಳಿದರು. ಇವರು ಚಾಮುಂಡಿ ಬೆಟ್ಟ ಅಂದರು. ಅಲ್ಲಿಗೆ ಅಪ್ಪಣೆ ಸಿಕ್ಕಿತು.

ನಮ್ಮ ಮನೆಯವರದು ಎಲ್ಲಕ್ಕೂ ಕಾಗದ. ಎಂಟು ದಿನದ ಪ್ರಯಾಣಕ್ಕೆ ಒಂದು ತಿಂಗಳು ಮೊದಲೇ ತಯಾರಿ ಶುರುವಾಯಿತು. ಓವರ್‌ಸಿಯರ್ ಕೊಟ್ಟ ವಿಳಾಸಕ್ಕೆ, ಮೈಸೂರಿನ ಒಂದು ಲಾಡ್ಜಿಗೆ, ಜವಾಬಿ ಕಾರ್ಡು ಬರೆದರು. ನಾವು ಗಂಡ ಹೆಂಡತಿ ಬರುತ್ತೇವೆ, ಒಂದು ಕೋಣೆ ಹಿಡಿದಿಡಬೇಕು ಎಂದು ಇಬ್ಬರ ಹೆಸರನ್ನೂ ಕಾಣಿಸಿದರು. ಆಗಲಿ ಎಂದು ಉತ್ತರ ಬಂತು. ಸಿಂಧನೂರಿನಿಂದ ಹೊಸಪೇಟೆಗೆ ಯಾವ ಬಸ್ಸು, ಗುಂತಕಲ್ಲಿನಲ್ಲಿ ಎಷ್ಟು ಹೊತ್ತಿಗೆ ಗಾಡಿ ಬದಲಿಸಬೇಕು, ಬೆಂಗಳೂರಿನಲ್ಲಿ ಎಲ್ಲಿ ಊಟ, ಬೃಂದಾವನದಲ್ಲಿ ದೀಪ ಹಾಕುವುದು ಯಾವ ದಿನ, ಎಲ್ಲವನ್ನೂ ಉದ್ದನೆಯ ಹಾಳೆಯ ಮೇಲೆ ಬರೆದು ಮಡಚಿ ಜೇಬಿಗಿಟ್ಟುಕೊಂಡರು. ರೈಲು ತಪ್ಪಿದರೆ ಏನು ಮಾಡಬೇಕು ಎಂಬುದೂ ಅದರಲ್ಲಿತ್ತು. ಅವರ ಹಾಳೆಯಲ್ಲಿ ಇಲ್ಲದ್ದು ಒಂದೇ, ನಾನು.

ಇದನ್ನು ಬಿಡಿಸಿ ಹೇಳಬೇಕು. ಮನೆ ತುಂಬಿಸಿಕೊಂಡ ದಿನ ಅತ್ತೆ ನನಗೆ ಗಿರಿಜಾ ಎಂದು ಹೊಸ ಹೆಸರು ಇಟ್ಟಿದ್ದರು. ನಮ್ಮಲ್ಲಿ ಕೆಲವು ಮನೆಗಳಲ್ಲಿ ಈ ಪದ್ಧತಿ ಇದೆ. ಆದರೆ ಆ ಹೆಸರಿನಿಂದ ನನ್ನನ್ನು ಕರೆದವರು ಯಾರು? ಅತ್ತೆ 'ಮಸ್ಕಿಯಾಕಿ' ಅನ್ನುತ್ತಿದ್ದರು. ಇವರು ಹೆಂಡತಿಯ ಹೆಸರು ಹಿಡಿದು ಕರೆಯುವುದುಂಟೇ, ಬರೀ ಕೆಮ್ಮುತ್ತಿದ್ದರು. ಹದಿನೆಂಟು ವರ್ಷ ನಾನು ದುರುಗವ್ವ, ನನ್ನ ಲೆಕ್ಕದಲ್ಲಿ ಆಗಲೂ ದುರುಗವ್ವನೇ.

ಇನ್ನು ಅವರ ಹೆಸರು. ಅದು ದೇವರ ಹೆಸರು. ಆ ದೇವರ ಗುಡಿಗೆ ಹೋದರೂ ನಾನು 'ಸ್ವಾಮಿ' ಎಂದು ಕೈಮುಗಿದು ಬರುತ್ತಿದ್ದೆ, ಹೆಸರು ಬಾಯಿಗೆ ತರುತ್ತಿರಲಿಲ್ಲ. ಬಳಗಾನೂರಿನ ನನ್ನ ಸೋದರತ್ತೆ ಮದುವೆಗೆ ಬಂದಾಗ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಸುದ್ದಿ ಹೇಳಿದ್ದಳು. ಅವರ ಓಣಿಯ ಹೆಂಗಸೊಬ್ಬಳು ಗದ್ದೆಗೆ ನೀರು ತಿರುವುವ ಜಗಳದಲ್ಲಿ ಸಿಟ್ಟಿಗೆದ್ದು ಗಂಡನ ಹೆಸರು ಹಿಡಿದು ಕೂಗಿದಳಂತೆ. ತಿಂಗಳೊಳಗೆ ಅವನಿಗೆ ಅದೇ ಗದ್ದೆಯ ಬದುವಿನ ಮೇಲೆ ಹಾವು ಕಡಿಯಿತಂತೆ. "ಬಾಯಿ ಬಿಗಿ ಇರಲೆವ್ವಾ. ಗಂಡನ ಹೆಸರು ಹೆಂಡತಿ ನಾಲಿಗಿ ಮ್ಯಾಲ ಬಂದ್ರ ಅವನ ಆಯುಷ್ಯ ಕಡಿಮಿ ಆಗ್ತೈತಿ" ಎಂದು ನನ್ನ ಕೈ ಹಿಡಿದು ಹೇಳಿದಳು. ನನಗೆ ಮೊದಲೇ ಹೆದರಿಕೆಯ ಸ್ವಭಾವ. ಆ ಮಾತು ಎದೆಯೊಳಗೆ ಗೂಟ ಹೊಡೆದ ಹಾಗೆ ಕೂತಿತು.

ಅಂತೂ ಹೊರಟೆವು. ನಾನು ರೈಲು ನೋಡಿದ್ದೇ ಆಗ. ಗುಂತಕಲ್ಲಿನಲ್ಲಿ ಇವರು ನೀರು ತರಲು ಇಳಿದರು, ಅಷ್ಟರಲ್ಲಿ ಗಾಡಿ ಕೂಗಿತು. ನಾನು ಅತ್ತುಬಿಟ್ಟೆ. ಇವರು ನಗುತ್ತ ಹತ್ತಿ ಬಂದು ಹಾಳೆ ತೆಗೆದು ತೋರಿಸಿದರು, ಇನ್ನೂ ಹತ್ತು ನಿಮಿಷ ಇದೆಯಂತೆ. ಮೈಸೂರು ಮುಟ್ಟುವವರೆಗೂ ಆಮೇಲೆ ಅವರನ್ನು ನಾನು ಎಲ್ಲಿಯೂ ಇಳಿಯಗೊಡಲಿಲ್ಲ.

ಲಾಡ್ಜಿನಲ್ಲಿ ವಯಸ್ಸಾದ ಮ್ಯಾನೇಜರರೊಬ್ಬರು ನಮ್ಮ ಕಾರ್ಡು ಹುಡುಕಿ ನೋಡಿ, ಮೇಲಿನ ಕೋಣೆಯ ಬೀಗದ ಕೈ ಕೊಟ್ಟರು. ಮರುದಿನ ಬೆಳಿಗ್ಗೆ ಇವರು ಬೃಂದಾವನದ ಬಸ್ಸು ಎಷ್ಟಕ್ಕೆ ಎಂದು ಕೇಳಿಕೊಂಡು ಬರಲು ಹೊರಟರು. ಒಳಗಿನಿಂದ ಚಿಲಕ ಹಾಕಿಕೋ, ಈಗ ಬಂದೆ ಅಂದರು. ನಾನು ಮಂಚದ ಮೇಲೆ ಕಾಲು ಮುದುಡಿಕೊಂಡು ಬಾಗಿಲನ್ನೇ ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ತಟ್ಟಿ, ಗಿರಿಜಮ್ಮಾ, ಗಿರಿಜಮ್ಮಾ ಎಂದು ಕರೆದರು. ಪಾಪ, ಯಾರೋ ಯಾರನ್ನೋ ಹುಡುಕುತ್ತಿದ್ದಾರೆ ಅಂದುಕೊಂಡು ಸುಮ್ಮನಿದ್ದೆ. ಕರೆಯುವುದು ನಿಲ್ಲಲಿಲ್ಲ. ಕೊನೆಗೆ ಬಾಗಿಲು ಓರೆ ಮಾಡಿ, "ಆ ಹೆಸರಿನಾಕಿ ಇಲ್ಲಿ ಯಾರೂ ಇಲ್ರೀ. ಬ್ಯಾರೆ ಖೋಲಿ ನೋಡ್ರಿ" ಅಂದೆ.

ಮ್ಯಾನೇಜರರೇ ನಿಂತಿದ್ದರು. ಸ್ನಾನಕ್ಕೆ ಬಿಸಿನೀರು ಕಾದಿದೆ ಎಂದು ಹೇಳಲು ಬಂದಿದ್ದರಂತೆ. ಅವರ ಮುಖ ಬದಲಾಯಿತು. ಹಾಗಾದರೆ ನಿನ್ನ ಹೆಸರೇನು ಎಂದು ಕೇಳಿದರು. ದುರುಗವ್ವ ಅಂದೆ. ಜೊತೆಯಲ್ಲಿ ಬಂದವರು ಯಾರು ಎಂದರು. ನಮ್ಮವರು ಅಂದೆ. ಅವರ ಹೆಸರು ಹೇಳು ಎಂದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದೆ. ಅವರು ಇನ್ನೇನೂ ಕೇಳದೆ ದಡದಡ ಮೆಟ್ಟಿಲಿಳಿದು ಹೋದರು. ಅವರು ಹೋದ ಮೇಲೆಯೇ ನನಗೆ ಹೊಳೆದದ್ದು, ಗಿರಿಜಾ ಎಂದರೆ ನಾನೇ ಎಂದು. ಹಿಂದೆ ಓಡಿ ಹೋಗಿ ಹೇಳಬೇಕೆಂದರೆ ಗಂಡಸರೇ ತುಂಬಿದ ಪಡಸಾಲೆಗೆ ಒಬ್ಬಳೇ ಇಳಿಯಲು ಧೈರ್ಯ ಬರಲಿಲ್ಲ.

ಇವರು ಬಸ್ಸಿನ ವೇಳೆ ತಿಳಿದುಕೊಂಡು ಬರುವಷ್ಟರಲ್ಲಿ ಕೆಳಗೆ ಪೊಲೀಸಿನ ದಫೇದಾರ ಬಂದು ಕೂತಿದ್ದ. ಹಿಂದಿನ ತಿಂಗಳು ಅದೇ ಲಾಡ್ಜಿಗೆ ಒಬ್ಬ ಸುಳ್ಳು ಹೆಸರು ಬರೆಸಿ ಒಂದು ಹುಡುಗಿಯನ್ನು ಕರೆತಂದಿದ್ದನಂತೆ. ಆಕೆಯ ತಂದೆ ಬಂದು ದೊಡ್ಡ ರಾದ್ಧಾಂತವಾಗಿ, ಮ್ಯಾನೇಜರರು ಕೋರ್ಟಿಗೆ ಅಲೆಯುತ್ತಿದ್ದರಂತೆ. ಇದು ನಮಗೆ ತಿಳಿದದ್ದು ಆಮೇಲೆ. ಆಗ ಮೆಟ್ಟಿಲ ಮೇಲಿನಿಂದ ನನಗೆ ಕಂಡದ್ದು ಖಾಕಿ ಬಟ್ಟೆ, ಇವರ ಭುಜದ ಮೇಲಿನ ಪೊಲೀಸನ ಕೈ, ಅಷ್ಟೆ.

ನನ್ನನ್ನು ಕೆಳಗೆ ಕರೆಸಿದರು. ಇವರನ್ನು ಹೊರಗೆ ಜಗುಲಿಯ ಮೇಲೆ ನಿಲ್ಲಿಸಿದರು. ದಫೇದಾರ ಕೆಟ್ಟವನಾಗಿ ಕಾಣಲಿಲ್ಲ. ನಿಧಾನವಾಗಿಯೇ ಕೇಳಿದ. ಕಾರ್ಡಿನಲ್ಲಿ ಒಂದು ಹೆಸರು, ನೀನು ಹೇಳಿದ್ದು ಇನ್ನೊಂದು, ಯಾಕೆ? ಅತ್ತೆ ಹೆಸರು ಬದಲಿಸಿದರು ಎಂದು ನಾನು ಹೇಳಿದೆ. ನಮ್ಮ ಕಡೆಯ ಮಾತು ಅವನಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಆಯಿತು, ಗಂಡನ ಹೆಸರು ಹೇಳು, ಕಾರ್ಡಿನಲ್ಲಿ ಇರುವುದೇ ಆದರೆ ಬಿಟ್ಟುಬಿಡುತ್ತೇನೆ ಅಂದ. ಆಗದು ಎಂದು ತಲೆ ಅಲ್ಲಾಡಿಸಿದೆ. ಒಂದು ಕಾಗದ ಮುಂದಿಟ್ಟ, ಬರೆದು ತೋರಿಸು ಅಂದ. ಬರೆಯಲು ಬರುವುದಿಲ್ಲ ಎಂದೆ.

"ಹೆಸರು ಹೇಳಬಾರದು ಅನ್ನೋದು ನನಗೂ ಗೊತ್ತಮ್ಮ, ನನ್ನ ಹೆಂಡತೀನೂ ಹೇಳಲ್ಲ" ಅಂದ ದಫೇದಾರ. "ಆದ್ರೆ ಹೆದರಿಸಿ ಕರ್ಕೊಂಡು ಬಂದಿರೋ ಹುಡುಗೀರೂ ಹೀಗೇ ಸುಮ್ಮನಿರ್ತಾರೆ. ನಾನು ಯಾವುದನ್ನ ನಂಬಲಿ?"

ನೀನು ಹೇಳದಿದ್ದರೆ ಅವನನ್ನು ಠಾಣೆಗೆ ಕರೆದೊಯ್ಯುತ್ತೇನೆ, ನಿಮ್ಮೂರಿಗೆ ತಂತಿ ಕೊಟ್ಟು ಜವಾಬು ಬರುವವರೆಗೆ ಒಳಗಿರುತ್ತಾನೆ, ನಿನ್ನನ್ನು ಅನಾಥ ಹೆಂಗಸರ ಆಶ್ರಮಕ್ಕೆ ಕಳಿಸಬೇಕಾಗುತ್ತದೆ ಎಂದ. ಸಿಂಧನೂರಿಗೆ ಪೊಲೀಸರ ತಂತಿ! ಅತ್ತೆಯ ಮುಖ ಕಣ್ಣ ಮುಂದೆ ಬಂತು. ಹೊರಗೆ ಇವರ ಬೆನ್ನು ಕಾಣುತ್ತಿತ್ತು, ಅಂಗಿ ಬೆವರಿನಿಂದ ಅಂಟಿಕೊಂಡಿತ್ತು. ಹೇಳದಿದ್ದರೆ ಇವರಿಗೆ ಕೋಳ, ಹೇಳಿದರೆ ಇವರ ಆಯುಷ್ಯಕ್ಕೆ ಕುತ್ತು. ಮದುವೆಯಾಗಿ ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ.

ಆಗ ಒಡಪು ನೆನಪಾಯಿತು. ಗಂಡನ ಹೆಸರನ್ನು ಪದ್ಯದೊಳಗೆ ಸೇರಿಸಿ ಹೇಳಿದರೆ ದೋಷವಿಲ್ಲ. ಮದುವೆಯಲ್ಲಿ ಹೆಂಗಸರೆಲ್ಲ ಬಾಗಿಲು ಅಡ್ಡಗಟ್ಟಿ ನನ್ನಿಂದ ಹಾಗೆಯೇ ಹೇಳಿಸಿದ್ದರು. ಕಣ್ಣು ಮುಚ್ಚಿಕೊಂಡು ಶುರು ಮಾಡಿದೆ. "ಬೆಳ್ಳಿ ಬಟ್ಟಲದಾಗ ಬೆಲ್ಲದ ಚೂರು, ಸಿಂಧನೂರ ಕಾಲುವ್ಯಾಗ ತಿಳಿ ತಿಳಿ ನೀರು..." ಇನ್ನೊಂದೇ ಸಾಲು, ಅದರಲ್ಲಿ ಹೆಸರು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಯಾರೋ ಕಿಸಕ್ಕನೆ ನಕ್ಕರು. ದಫೇದಾರ ಮೇಜು ಕುಟ್ಟಿ, ಬೆಲ್ಲ ನೀರು ಎಲ್ಲ ಆಮೇಲೆ, ಹೆಸರು ಹೇಳು ಅಂದ. ಮತ್ತೆ ಮೊದಲಿನಿಂದ ಹೇಳೋಣವೆಂದರೆ ಬೆಲ್ಲವೂ ಇಲ್ಲ, ಬಟ್ಟಲೂ ಇಲ್ಲ, ತಲೆ ಪೂರ್ತಿ ಖಾಲಿ. ಅವನು ಎದ್ದು ಟೊಪ್ಪಿಗೆ ಹಾಕಿಕೊಂಡ.

ಹೊರಗಿನಿಂದ ಇವರ ದನಿ ಬಂತು. "ಹೇಳಿಬಿಡು. ನಂಗೇನೂ ಆಗಂಗಿಲ್ಲ."

ನಾನು ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೇಳಿದೆ. ಬರೀ ಹೆಸರು. ಹಿಂದೆ ಪದ್ಯವಿಲ್ಲ, ಮುಂದೆ ರಾಯರು ಎಂಬುದಿಲ್ಲ, ಓಣಿಯ ಹುಡುಗನನ್ನು ಕರೆದ ಹಾಗೆ. ಹೇಳಿದ ಕೂಡಲೇ ತಿರುಗಿ ಜಗುಲಿಯ ಕಡೆ ನೋಡಿದೆ. ಇವರು ನಿಂತೇ ಇದ್ದರು. ನಿಂತಲ್ಲೇ ಬಿದ್ದುಬಿಡುತ್ತಾರೆ ಅಂದುಕೊಂಡಿದ್ದೆ ನಾನು.

ಮ್ಯಾನೇಜರರು ಕಾರ್ಡು ನೋಡಿ ಹೌದು ಎಂದು ತಲೆಯಾಡಿಸಿದರು. ದಫೇದಾರ ನನ್ನ ಮಾವನವರ ಹೆಸರು, ಇವರ ಆಫೀಸು ಕೇಳಿದ, ಎಲ್ಲ ಸರಿಹೋಯಿತು. ಹೋಗಿ ತೋಟ ನೋಡಿ ಬನ್ನಿ ತಾಯಿ ಎಂದು ಕೈಮುಗಿದು ಹೊರಟುಹೋದ. ಮ್ಯಾನೇಜರರು ಕಾಫಿ ತರಿಸಿದರು. ನನ್ನ ಲೋಟ ಹಾಗೆಯೇ ಆರಿ ಹೋಯಿತು.

ಅವತ್ತು ಸಂಜೆ ಬೃಂದಾವನಕ್ಕೆ ಹೋದೆವು. ದೀಪ ಹತ್ತಿದವು, ನೀರು ಕೆಂಪಾಗಿ ಹಸಿರಾಗಿ ಏಳುತ್ತಿತ್ತು, ಜನರೆಲ್ಲ ಹೋ ಎನ್ನುತ್ತಿದ್ದರು. ನಾನು ನೋಡುತ್ತಿದ್ದದ್ದು ಇವರ ಎದೆ ಏರಿಳಿಯುತ್ತಿದೆಯೇ ಎಂದು. ದೋಣಿ ಹತ್ತಗೊಡಲಿಲ್ಲ. ಹುಲ್ಲಿನ ಮೇಲೆ ನಡೆಯಗೊಡಲಿಲ್ಲ, ಹಾವು ಇದ್ದೀತು ಎಂದು. ಮರುದಿನ ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಅವರ ಅಂಗಿಯ ಚುಂಗು ಹಿಡಿದೇ ಹತ್ತಿದೆ. ಅವರ ಹಾಳೆಯಲ್ಲಿದ್ದ ಅರ್ಧ ಜಾಗಗಳನ್ನು ನಾವು ನೋಡಲೇ ಇಲ್ಲ. ನನಗೆ ಊಟವೂ ಸೇರುತ್ತಿರಲಿಲ್ಲ. ನಾಲ್ಕನೆಯ ದಿನ ಅವರಿಗೆ ಬೇಸರವಾಗಿ, ಕೋಣೆಯ ಬಾಗಿಲು ಹಾಕಿ, ನನ್ನ ಎದುರು ಕೂತು, "ದುರುಗವ್ವಾ" ಎಂದು ಕರೆದರು. ನಾನು ಬೆಚ್ಚಿಬಿದ್ದೆ. "ನೀ ನನ್ನ ಹೆಸರ ಹೇಳಿದಿ, ನಾ ನಿನ್ನ ಹೆಸರ ಹೇಳೀನಿ. ಹೋದ್ರ ಇಬ್ರದೂ ಹೋಗಲಿ, ಉಳಿದ್ರ ಇಬ್ರದೂ ಉಳೀಲಿ. ಇನ್ನರ ಉಣ್ಣು." ಆ ಮೇಲೆ ಜೀವನಪೂರ್ತಿ, ನಾವಿಬ್ಬರೇ ಇದ್ದಾಗ, ಅವರು ನನ್ನನ್ನು ಗಿರಿಜಾ ಎಂದು ಕರೆಯಲೇ ಇಲ್ಲ.

ಆದರೂ ನನ್ನ ಹೆದರಿಕೆ ಹೋಗಲಿಲ್ಲ. ಊರಿಗೆ ಬಂದ ಎರಡನೇ ವಾರಕ್ಕೆ ಇವರಿಗೆ ಜ್ವರ ಬಂತು, ಹನ್ನೊಂದು ದಿನ ಏಳಲಿಲ್ಲ. ಲಿಂಗಸುಗೂರಿನಿಂದ ಡಾಕ್ಟರನ್ನು ಕರೆಸಿದರು. ಕಾಲುವೆ ಬಂದ ಮೇಲೆ ಸೊಳ್ಳೆ ಹೆಚ್ಚಾಗಿ ಊರಲ್ಲಿ ಎಲ್ಲರಿಗೂ ಜ್ವರ ಬರುತ್ತಿದೆ ಎಂದು ಡಾಕ್ಟರು ಹೇಳಿದರು. ನನಗೆ ಗೊತ್ತಿತ್ತು ಅದು ಸೊಳ್ಳೆಯಲ್ಲ ಎಂದು. ಸೋಮವಾರ ಒಪ್ಪತ್ತು ಹಿಡಿದೆ. ಯಾಕೆ ಎಂದು ಅತ್ತೆ ಕೇಳಿದರೂ ಬಾಯಿ ಬಿಡಲಿಲ್ಲ. ಇವರು ಗುಣವಾದರು. ಒಪ್ಪತ್ತು ಬಿಡಲು ಧೈರ್ಯ ಬರಲಿಲ್ಲ, ಎಷ್ಟೋ ವರ್ಷ ನಡೆಯಿತು. ಇವರು ಆಫೀಸಿನಿಂದ ಬರುವುದು ತಡವಾದರೆ, ಒಂದು ಸಲ ಹೆಚ್ಚಿಗೆ ಕೆಮ್ಮಿದರೆ, ಮೈಸೂರಿನ ಆ ಪಡಸಾಲೆಯಲ್ಲಿ ನನ್ನ ಬಾಯಿಂದ ಹೊರಟ ಹೆಸರು ಮತ್ತೆ ಕಿವಿಯಲ್ಲಿ ಕೇಳುತ್ತಿತ್ತು. ಹೇಳಿದರೆ ಇವರು ನಗುತ್ತಿದ್ದರು.

ನಮ್ಮ ಮನೆಯವರು ಹೋಗಿ ಈಗ ಎರಡು ವರ್ಷವಾಯಿತು. ಎಂಬತ್ತರ ಹತ್ತಿರವಾಗಿತ್ತು, ತುಂಬು ಬಾಳು ಬಾಳಿದರು ಎಂದು ಎಲ್ಲರೂ ಹೇಳಿದರು. ಪಿಂಚಣಿ ನನ್ನ ಹೆಸರಿಗೆ ಮಾಡಿಸಲು ಮಗನ ಜೊತೆ ಬ್ಯಾಂಕಿಗೆ ಹೋದೆ. ಕಿಟಕಿಯಲ್ಲಿದ್ದ ಹುಡುಗಿ ಯಜಮಾನರ ಹೆಸರು ಹೇಳಿ ಅಂದಳು. ಮಗ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. ನಾಲಿಗೆ ತಡವರಿಸಲಿಲ್ಲ. ಅವಳು ಬರೆದುಕೊಂಡು ಮುಂದಿನ ಪ್ರಶ್ನೆ ಕೇಳಿದಳು. ನನಗೆ ಅಲ್ಲಿಯೇ ಅಳು ಬಂತು. ಸತ್ತ ದಿನ, ಹನ್ನೊಂದನೆಯ ದಿನ, ಯಾವಾಗಲೂ ಅಷ್ಟು ಅತ್ತಿರಲಿಲ್ಲ. ಐವತ್ತೈದು ವರ್ಷ ಜೊತೆಗಿದ್ದ ಹೆದರಿಕೆ ಆವತ್ತು ಇರಲಿಲ್ಲ. ಅದಿಲ್ಲದ್ದನ್ನು ನೋಡಿಯೇ ಅವರಿಲ್ಲ ಎಂಬುದು ನನಗೆ ಖರೆ ಅನ್ನಿಸಿದ್ದು.

ಅವರ ಹೆಸರು ಅಮರೇಶ. ಈಗ ಎಷ್ಟು ಸಲ ಬೇಕಾದರೂ ಹೇಳಬಹುದು, ಬರೆಯಬಹುದು. ಏನೂ ಆಗುವುದಿಲ್ಲ.