ಬುಟ್ವಲ್‌ಗೆ ಹೋದ ಹತ್ತು ಸಾವಿರ

ಕರೋಲ್ ಬಾಗ್ ಮೆಟ್ರೊ ನಿಲ್ದಾಣದಿಂದ ಎರಡು ಗಲ್ಲಿ ಒಳಗೆ ಹೋದರೆ ಅಣ್ಣು ದೇವಾಡಿಗರ ಹೋಟೆಲು ಸಿಗುತ್ತದೆ. ಎಂಟೇ ಟೇಬಲ್ಲು. ಬ್ರಹ್ಮಾವರದ ಕಡೆಯಿಂದ ಹತ್ತೊಂಬತ್ತನೇ ವಯಸ್ಸಿಗೆ ದೆಹಲಿಗೆ ಬಂದು, ಹನ್ನೆರಡು ವರ್ಷ ಬೇರೆಯವರ ಅಡುಗೆಮನೆಯಲ್ಲಿ ಪಾತ್ರೆ ತೊಳೆದು, ದೋಸೆ ಹೊಯ್ದು, ಆಮೇಲೆ ಸ್ವಂತದ್ದು ಹಾಕಿದವರು. ಈಗ ಅರವತ್ತೆರಡು. ಗಲ್ಲಾದಲ್ಲಿ ಕೂತರೂ ಅವರ ಕಿವಿಯೆಲ್ಲ ಕಾವಲಿಯ ಕಡೆಗೆ. ನೀರು ಚಿಮುಕಿಸಿದ ಸದ್ದು ಕೇಳಿಯೇ ಕಾವಲಿ ಎಷ್ಟು ಕಾದಿದೆ ಎಂದು ಹೇಳಬಲ್ಲರು.

ಆ ಕಾವಲಿಯ ಮುಂದೆ ಆರು ವರ್ಷ ನಿಂತವನು ಹರ್ಕ ಬಹಾದೂರ್ ಘರ್ತಿ, ನೇಪಾಳದ ಬುಟ್ವಲ್‌ನವನು. ಅಡುಗೆಮನೆಯ ಮಾತು ಕೇಳಿ ಕೇಳಿಯೇ ಕನ್ನಡ ಕಲಿತಿದ್ದ. ಉಳಿದ ಕೆಲಸದವರಂತೆ ಅಣ್ಣುವನ್ನು ಧಣಿ ಎನ್ನುತ್ತಿದ್ದ. ಹೋಟೆಲನ್ನು ಅವನ ಕೈಗೆ ಬಿಟ್ಟು ಅಣ್ಣು ಹದಿನೈದು ದಿನ ಊರಿಗೆ ಹೋಗಿ ಬಂದದ್ದೂ ಇದೆ. ಆದರೆ ಮಗಳು ನಿರೀಕ್ಷಾ ಅವನನ್ನೇ ಮದುವೆಯಾಗುವೆನೆಂದು ಹೇಳಿದ ದಿನ ಆ ನಂಬಿಕೆಯೆಲ್ಲ ಮುಗಿಯಿತು. ಇಬ್ಬರೂ ಕೋರ್ಟಿನಲ್ಲಿ ಮದುವೆಯಾಗಿ ಬುಟ್ವಲ್‌ಗೆ ಹೋದರು, ಅಲ್ಲೊಂದು ದೋಸೆ ಅಂಗಡಿ ಹಾಕಿದರು, ಒಂದು ಹೆಣ್ಣು ಮಗುವೂ ಆಯಿತು. ನಾಲ್ಕು ವರ್ಷ ಅಣ್ಣು ಮಗಳ ಹೆಸರೆತ್ತಲಿಲ್ಲ. ಹೆಂಡತಿ ಲೋಲಾಕ್ಷಿ ಫೋನಿನಲ್ಲಿ ಮಾತಾಡುವುದು ಅವರಿಗೆ ಗೊತ್ತಿತ್ತು. ಕೇಳಿಸದವರಂತೆ ಇದ್ದುಬಿಡುತ್ತಿದ್ದರು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಲೋಲಾಕ್ಷಿ ಹೋಟೆಲಿಗೇ ಬಂದು ಗಲ್ಲಾದ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಊಟದ ಗಿರಾಕಿಗಳು ಹೋಗಿಯಾಗಿತ್ತು. ಮಳೆಗಾಲದಲ್ಲಿ ಹರ್ಕ ಜಾರಿಬಿದ್ದು ಕಾಲು ಮುರಿದುಕೊಂಡಿದ್ದಾನೆ, ಒಳಗೆ ರಾಡು ಹಾಕಿದ್ದಾರೆ, ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ನಿರೀಕ್ಷಾ ಒಬ್ಬಳೇ ಅಂಗಡಿ ನಡೆಸುತ್ತಿದ್ದಾಳೆ ಎಂದರು. ತಮ್ಮ ಉಳಿತಾಯದಿಂದ ತಿಂಗಳಿಗೆ ಹತ್ತು ಸಾವಿರ ಕಳಿಸುತ್ತಿದ್ದುದನ್ನೂ ಹೇಳಿದರು. ಮಾರ್ಕೆಟ್ಟಿನ ಒಬ್ಬ ಏಜೆಂಟನ ಕೈಗೆ ನಗದು ಕೊಟ್ಟರೆ ಅವನ ಜನ ಅಲ್ಲಿ ತಲುಪಿಸುತ್ತಿದ್ದರಂತೆ. ಎರಡು ತಿಂಗಳು ತಲುಪಿತು. ಮೂರನೆಯದು ತಲುಪಲಿಲ್ಲ. ಏಜೆಂಟನ ಫೋನು ಸ್ವಿಚ್ ಆಫ್, ಅವನ ಕೋಣೆಗೆ ಬೀಗ.

ಲೋಲಾಕ್ಷಿ ಬೈಗುಳಕ್ಕೆ ತಯಾರಾಗಿಯೇ ಬಂದಿದ್ದರು. ಅಣ್ಣು ಬೈಯಲಿಲ್ಲ. "ಅವನು ಕಮಿಷನ್ ಎಷ್ಟು ಹಿಡೀತಿದ್ದ?" ಎಂದು ಕೇಳಿದರು.

"ಹತ್ತು ಸಾವಿರಕ್ಕೆ ಆರುನೂರು."

"ಆರುನೂರಾ? ಅಷ್ಟಕ್ಕೆ ನಾನಿಲ್ಲಿ ಎಷ್ಟು ಪ್ಲೇಟ್ ಇಡ್ಲಿ ಮಾರಬೇಕು, ಗೊತ್ತುಂಟಾ ನಿಂಗೆ?"

ಸಿಟ್ಟು ಯಾರ ಮೇಲೆಂದು ಅವರಿಗೂ ಸರಿಯಾಗಿ ತಿಳಿಯಲಿಲ್ಲ. ಏನಾದರೂ ಮಾಡದೆ ಕೂರುವ ಹಾಗಂತೂ ಇರಲಿಲ್ಲ. ಮರುದಿನ ಬೆಳಿಗ್ಗೆ ಬಸವಲಿಂಗಪ್ಪ ತಿಂಡಿಗೆ ಬಂದಾಗ ಅವರ ಎದುರು ಹೋಗಿ ಕೂತರು. ಬಸವಲಿಂಗಪ್ಪ ಕಲಬುರಗಿಯವರು, ಹತ್ತಿರದ ಬ್ಯಾಂಕೊಂದರಲ್ಲಿ ಅಧಿಕಾರಿ, ಒಂಬತ್ತು ವರ್ಷದ ಗಿರಾಕಿ. ನೇಪಾಳಕ್ಕೆ ಕಳಿಸಲೆಂದೇ ಬೇರೆ ವ್ಯವಸ್ಥೆ ಇದೆ, ಒಂದು ಫಾರಂ ತುಂಬಿದರೆ ಇಲ್ಲಿನ ಖಾತೆಯಿಂದ ಅಲ್ಲಿನ ಖಾತೆಗೇ ನೇರವಾಗಿ ಹೋಗುತ್ತದೆ, ನಮ್ಮ ನೂರಕ್ಕೆ ಅವರ ನೂರ ಅರವತ್ತು ಎಂದು ಅವರು ಬಿಡಿಸಿ ಹೇಳಿದರು. ಖರ್ಚೆಷ್ಟು ಎಂದು ಅಣ್ಣು ಕೇಳಿದರು. ನಿಮ್ಮ ಒಂದು ಮಸಾಲೆ ದೋಸೆಯಷ್ಟೂ ಆಗಲ್ಲ ಎಂದರು ಬಸವಲಿಂಗಪ್ಪ. ಇಷ್ಟು ವರ್ಷ ತನ್ನ ಅಡುಗೆಮನೆಯ ನೇಪಾಳಿ ಹುಡುಗರು ಮನೆಗೆ ಹೇಗೆ ದುಡ್ಡು ಕಳಿಸುತ್ತಾರೆಂದು ತಾನು ಒಮ್ಮೆಯೂ ಕೇಳಿಲ್ಲವೆಂಬುದು ಅಣ್ಣುವಿಗೆ ಆಗ ಹೊಳೆಯಿತು.

ಮಧ್ಯಾಹ್ನ ಹತ್ತು ಸಾವಿರ ಕಳಿಸಲು ತಾವೇ ಬ್ಯಾಂಕಿಗೆ ಹೋದರು. ಬುಟ್ವಲ್‌ನ ಖಾತೆ ನಂಬರನ್ನು ಲೋಲಾಕ್ಷಿ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಹಣ ಪಡೆಯುವವರ ಹೆಸರು ಎಂದಿದ್ದ ಕಡೆ ಅಣ್ಣು, ಯಾರನ್ನೂ ಕೇಳದೆ, ನಿರೀಕ್ಷಾ ದೇವಾಡಿಗ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದರು. ಶಾಲೆಗೆ ಸೇರಿಸುವಾಗ ಬರೆಸಿದ್ದ ಹೆಸರೇ ಅದು. ಸಹಿ ಹಾಕಿ ಬಂದರು.

ನಾಲ್ಕನೇ ದಿನ ಹಣ ವಾಪಸು ಬಂತು.

"ಹೆಸರು ತಾಳೆ ಆಗಿಲ್ರೀ ಅಣ್ಣು ಅವರೇ. ಅಲ್ಲಿ ಖಾತೆ ಯಾವ ಹೆಸರಲ್ಲಿದೆ ಅಂತ ಒಂದು ಮಾತು ಕೇಳಿಬಿಡ್ರಿ," ಎಂದರು ಬಸವಲಿಂಗಪ್ಪ.

ಅಣ್ಣು ಮನೆಗೆ ಬಂದು, ಫೋನ್ ಮಾಡಿ ಕೇಳು ಎಂದು ಹೆಂಡತಿಗೆ ಹೇಳಿದರು. ಲೋಲಾಕ್ಷಿ ತೆಂಗಿನಕಾಯಿ ತುರಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಫಾರಂ ತುಂಬಿದ್ದು ನೀವು. ನೀವೇ ಕೇಳಿ ಮಾರಾಯ್ರೇ."

ಅಣ್ಣು ಬಾಲ್ಕನಿಗೆ ಹೋದರು. ಎರಡು ಸಲ ನಂಬರು ಒತ್ತಿ ಕತ್ತರಿಸಿದರು. ಮೂರನೇ ಸಲ ರಿಂಗಾಯಿತು. ಮಗಳ ದನಿಗೆ ಕಾದಿದ್ದರು. ಎತ್ತಿದವನು ಹರ್ಕ. ನಿರೀಕ್ಷಾ ಕಾವಲಿಯ ಮುಂದಿದ್ದಳು, ಫೋನು ಇವನ ಹಾಸಿಗೆಯ ಹತ್ತಿರವಿತ್ತು.

"ಧಣಿ, ನಮಸ್ಕಾರ," ಎಂದ. ನಡುವೆ ನಾಲ್ಕು ವರ್ಷ ಕಳೆದೇ ಇಲ್ಲವೆಂಬಂತಿತ್ತು ಆ ಮಾತು.

ಅಣ್ಣು ಪೀಠಿಕೆ ಇಲ್ಲದೆ ಹೆಸರು ಕೇಳಿದರು. ಘರ್ತಿ ಎಂಬ ಉತ್ತರಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು.

"ಎರಡೂ ಉಂಟು ಧಣಿ. ನಿರೀಕ್ಷಾ ದೇವಾಡಿಗ ಘರ್ತಿ. ಪೌರತ್ವದ ಕಾಗದದಲ್ಲೂ ಹಾಗೇ ಬರೆಸಿದ್ದು. ಅಪ್ಪನ ಹೆಸರು ಬಿಡೋದಿಲ್ಲ ಅಂದಳು."

ಕೆಳಗೆ ತರಕಾರಿಯವನು ಕೂಗುತ್ತಾ ಹೋಗುತ್ತಿದ್ದ. ಫೋನು ಇಟ್ಟುಬಿಡಬಹುದಿತ್ತು, ಬೇಕಾದದ್ದು ಸಿಕ್ಕಿತ್ತು. ಅಣ್ಣು ಕಾಲಿನ ವಿಷಯ ಕೇಳಿದರು. ಹರ್ಕ ಹೇಳಿದ. ಅಂಗಡಿ ಹೇಗೆ ನಡೆದಿದೆ ಎಂದು ಕೇಳಿದರು. ದೋಸೆ ಗರಿಗರಿಯಾಗಿ ಬರುವುದಿಲ್ಲ, ಅಲ್ಲಿನ ಅಕ್ಕಿಯೇ ಬೇರೆ, ಚಳಿ ಶುರುವಾದರೆ ಹಿಟ್ಟು ಹುಳಿಯೇ ಬರುವುದಿಲ್ಲ ಎಂದು ಅವನು ದುಃಖ ತೋಡಿಕೊಂಡ. ಅಣ್ಣು ರೇಗಿದರು. ಚಳಿ ದೆಹಲಿಯಲ್ಲಿಲ್ಲವೇ, ಆರು ವರ್ಷ ಇಲ್ಲಿ ನಿಂತು ಕಲಿತದ್ದೇನು, ರುಬ್ಬುವಾಗ ಒಂದು ಹಿಡಿ ಅವಲಕ್ಕಿ, ಸ್ವಲ್ಪ ಮೆಂತ್ಯ ಹಾಕು, ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಇಡು ಎಂದರು. ಮಾತು ಮುಗಿಯುವಾಗ ಇಪ್ಪತ್ತು ನಿಮಿಷ ದಾಟಿತ್ತು. ಒಳಗೆ ಬಂದಾಗ ಲೋಲಾಕ್ಷಿ ಊಟಕ್ಕೆ ತಟ್ಟೆ ಹಾಕಿದರು.

ಮರುದಿನ ಹೊಸ ಫಾರಂನಲ್ಲಿ ಮೂರು ಪದದ ಹೆಸರು ಬರೆದರು. ಈ ಸಲ ಹಣ ತಲುಪಿತು. ಸಂಜೆ ನಿರೀಕ್ಷಾಳಿಂದ ಒಂದು ವಾಯ್ಸ್ ಮೆಸೇಜು ಬಂತು. "ಪಪ್ಪಾ, ಪೈಸೆ ಮಿಲ್ ಗಯೇ. ಥ್ಯಾಂಕ್ಯೂ ಪಪ್ಪಾ," ಎಂದು, ದುಡ್ಡು ಸಿಕ್ಕಿದ್ದನ್ನು ತನ್ನ ದೆಹಲಿ ಹಿಂದಿಯಲ್ಲಿ ಹೇಳುತ್ತಾ ಶುರುವಾಗಿ, ಅಳುವಿನಲ್ಲಿ ಅರ್ಧಕ್ಕೇ ನಿಂತಿತ್ತು. ಅಣ್ಣು ಅದನ್ನು ಗಲ್ಲಾದಲ್ಲಿ ಕೂತು ಮೂರು ಸಲ ಕೇಳಿದರು. ಬಿಲ್ ಕೊಡಲು ನಿಂತಿದ್ದ ಗಿರಾಕಿ ಕಾದ.

ಏಜೆಂಟ್ ತಿಂದ ಹತ್ತು ಸಾವಿರ ಹೋದದ್ದೇ. ಪೊಲೀಸರಿಗೆ ದೂರು ಕೊಟ್ಟರು, ಏನೂ ಗಿಟ್ಟಲಿಲ್ಲ. ಅಣ್ಣು ತಮ್ಮ ಅಡುಗೆಮನೆಯ ಇಬ್ಬರು ನೇಪಾಳಿಗಳನ್ನು ಬ್ಯಾಂಕಿಗೆ ಕರೆದೊಯ್ದು ತಾವೇ ಫಾರಂ ತುಂಬಿಕೊಟ್ಟರು. ಅಕ್ಕಪಕ್ಕದ ಹೋಟೆಲಿನವರೂ ಬರತೊಡಗಿದರು. ಮೊದಲು ಊರಿಗೆ ಫೋನ್ ಮಾಡು, ಪಾಸ್‌ಬುಕ್ಕಿನಲ್ಲಿ ಇದ್ದ ಹಾಗೆ ಹೆಸರು ಓದಿಸು, ಆಮೇಲೆ ಪೆನ್ನು ಹಿಡಿ ಎನ್ನುವುದು ಅವರು ಎಲ್ಲರಿಗೂ ಹೇಳುವ ಮಾತು.

ಫೆಬ್ರವರಿಯಲ್ಲಿ ಗಂಡ ಹೆಂಡತಿ ಗೋರಖ್‌ಪುರದ ರೈಲು ಹತ್ತಿದರು. ಅಲ್ಲಿಂದ ಬಸ್ಸು, ಸುನೌಲಿಯಲ್ಲಿ ಗಡಿ ದಾಟಿ ಬುಟ್ವಲ್. ಹರ್ಕ ಕೋಲೂರಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದಿದ್ದ, ಕಾಲಿಗೆ ಬೀಳಲು ಬಗ್ಗಿದವನನ್ನು ಅಣ್ಣು ತೋಳು ಹಿಡಿದು ತಡೆದರು. ಅಂಗಡಿ ತೀರಾ ಚಿಕ್ಕದು, ನಾಲ್ಕು ಬೆಂಚು. ನಿರೀಕ್ಷಾ ಗಿರಾಕಿಗಳ ಜೊತೆ ನೇಪಾಳಿಯಲ್ಲಿ ಸರಾಗವಾಗಿ ಮಾತಾಡುತ್ತಿದ್ದಳು. ಅಣ್ಣುವಿಗೆ ಅದರಲ್ಲಿ ದೋಸೆ ಎಂಬುದೊಂದೇ ತಿಳಿಯಿತು. ಅವರು ಶರ್ಟಿನ ತೋಳು ಮಡಚಿ, ಮಗಳ ಕೈಯಿಂದ ಸೌಟು ತೆಗೆದುಕೊಂಡು ಕಾವಲಿಯ ಮುಂದೆ ನಿಂತರು. ಮಧ್ಯಾಹ್ನದವರೆಗೆ ಎಪ್ಪತ್ತು ದೋಸೆ ಹೊಯ್ದರು. ನಿರೀಕ್ಷಾ ಮಗುವಿಗೆ ಊಟ ಮಾಡಿಸಿ, ಒಳಗಿನ ಕೋಣೆಯಲ್ಲಿ ಅಮ್ಮನ ಪಕ್ಕ ಮಲಗಿ, ಎಷ್ಟೋ ತಿಂಗಳ ಮೇಲೆ ಹಗಲಲ್ಲಿ ಎರಡು ತಾಸು ನಿದ್ದೆ ಮಾಡಿದಳು.