ಫುಗ್ಗಾನ ಹಲ್ಲು

ಎಪ್ಪತ್ತರ ದಶಕದ ನಡುವಿನ ಮಾತು. ವಿಜಾಪುರ ರಸ್ತೆಯ ಆ ಮನೆಗೆ ನಾನು ಸೊಸೆಯಾಗಿ ಹೋಗಿ ಎರಡು ವರ್ಷವಾಗಿತ್ತು. ಬಟ್ಟೆಯ ವ್ಯಾಪಾರಕ್ಕೆಂದು ರತ್ನಾಗಿರಿಗೆ ಹೋದ ಮೈದುನ ಕೊಡದಲ್ಲಿ ಒಂದು ಮೀನು ತಂದ. ಸಮುದ್ರದ ನೀರು ಒಳನುಗ್ಗುವ ಖಾಡಿಯಲ್ಲಿ ಬಲೆಗೆ ಬಿದ್ದದ್ದು. ಮುಟ್ಟಿದರೆ ಹೊಟ್ಟೆ ಉಬ್ಬಿಸಿಕೊಂಡು ಚೆಂಡಾಗುತ್ತಿತ್ತು. ಅಲ್ಲಿಯವರು ತಿನ್ನುವುದಿಲ್ಲವಂತೆ, ಪುಕ್ಕಟೆ ಕೊಟ್ಟಿದ್ದರು. ಮನೆಯವರೆಲ್ಲ ಅದನ್ನು ಫುಗ್ಗಾ, ಅಂದರೆ ಬಲೂನು, ಎಂದು ಕರೆದರು. ಪಡಸಾಲೆಗೆ ಗಾಜಿನ ತೊಟ್ಟಿ ಬಂತು, ಗಾಳಿ ಬಿಡುವ ಪಂಪು ಬಂತು, ನೋಡಲು ನೆಂಟರಿಷ್ಟರೂ ಬಂದರು. ಹದಿನೈದು ದಿನಕ್ಕೆ ಮೈದುನನ ಹುಚ್ಚು ಇಳಿದು ತೊಟ್ಟಿ ನನ್ನ ಕೊರಳಿಗೆ ಬಿತ್ತು.

ರತ್ನಾಗಿರಿಗೆ ಹೋಗಿ ಬರುವ ನಮ್ಮ ಕಡೆಯ ಲಾರಿ ಡ್ರೈವರ್ ಒಬ್ಬ ಕ್ಯಾನುಗಳಲ್ಲಿ ಸಮುದ್ರದ ನೀರು ತಂದುಕೊಡುತ್ತಿದ್ದ. ಅದು ಸಾಲದಾದಾಗ ಬಾವಿಯ ನೀರಿಗೆ ಹರಳುಪ್ಪು ಕರಗಿಸಿ, ಸಾರಿನ ಉಪ್ಪು ನೋಡಿದ ಹಾಗೆ ನಾಲಿಗೆಗೆ ಹಚ್ಚಿ ನೋಡುತ್ತಿದ್ದೆ. ಕರೆಂಟ್ ಹೋದರೆ ಪಂಪು ನಿಲ್ಲುತ್ತಿತ್ತು. ಆಗ ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ಎತ್ತೆತ್ತಿ ಸುರಿಯಬೇಕು, ಇಲ್ಲದಿದ್ದರೆ ಮೀನು ಮೇಲೆ ಬಂದು ಬಾಯಿ ಬಿಡುತ್ತಿತ್ತು. ಅಷ್ಟರಲ್ಲಿ ರೊಟ್ಟಿ ಬಡಿಯಲು ಒಳಗಿನಿಂದ ಕರೆ. ಹದಿನಾಲ್ಕು ಮಂದಿಯ ಮನೆ. ಆ ವರ್ಷಗಳಲ್ಲಿ ನಾನು ಕುಳಿತದ್ದೇ ನೆನಪಿಲ್ಲ. ನನ್ನ ತವರು ಅಕ್ಕಲಕೋಟೆ ತಾಲೂಕಿನ ತಡವಳ, ಎಸ್‌ಟಿ ಬಸ್ಸು ಹತ್ತಿದರೆ ಬಂದುಬಿಡುವ ಊರು. ಆದರೆ ಪಂಚಮಿಗಲ್ಲದೆ ಸೊಸೆಯನ್ನು ಕಳಿಸುವ ರೂಢಿ ಆ ಮನೆಯಲ್ಲಿರಲಿಲ್ಲ. ನನಗೆ ಅವ್ವನ ಉಪಚಾರವೇನೂ ಬೇಕಿರಲಿಲ್ಲ, ಒಂದು ದಿನದ ನಿದ್ದೆ ಬೇಕಿತ್ತು.

ಮಾಂಸ ಹೊಸ್ತಿಲು ದಾಟದ ಮನೆಯಾದ್ದರಿಂದ ಫುಗ್ಗಾನಿಗೂ ನಮ್ಮದೇ ಊಟ: ನೆನೆಸಿದ ಕಡಲೆಬೇಳೆ, ಶೇಂಗಾ, ಕಣಕದ ಸಣ್ಣ ಉಂಡೆ. ಹಸಿವಿಗೆ ಕೆಲವು ದಿನ ತಿಂದಿತು. ಬರಬರುತ್ತ ಅದರ ಹಲ್ಲು ಉದ್ದವಾಗಿ, ಬಾಯಿ ಸಂದಿಯಷ್ಟೇ ಉಳಿಯಿತು. ಕಾಳಿನ ಮುಂದೆ ಸುಮ್ಮನೆ ನಿಂತಿರುತ್ತಿತ್ತು.

ನೀರು ತಂದ ಡ್ರೈವರ್ ಒಮ್ಮೆ ಬಗ್ಗಿ ನೋಡಿ, "ಅಕ್ಕಾರ, ಇದಕ್ಕ ಚಿಪ್ಪಿನ ಹುಳ ಬೇಕ್ರಿ. ಅದನ್ನ ಕಡದು ಕಡದು ಹಲ್ಲ ಸವೀಬೇಕು. ನೀವು ಬ್ಯಾಳಿ ಹಾಕ್ಕೋತ ಕುಂತ್ರ ಹಲ್ಲ ಬೆಳದು ಉಪವಾಸ ಸಾಯ್ತದ" ಎಂದ.

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಅವರಿಗೆ ಆ ವರ್ಷವೇ ಕೊನೆಯ ದವಡೆ ಹಲ್ಲೂ ಬಿದ್ದು, ರೊಟ್ಟಿಯನ್ನು ಹಾಲಿನಲ್ಲಿ ಹಿಸುಕಿ ಉಣ್ಣುತ್ತಿದ್ದರು. ತೊಟ್ಟಿಯ ಹತ್ತಿರ ಬಂದು ಬಹಳ ಹೊತ್ತು ನೋಡಿದರು.

"ಹಲ್ಲಿದ್ದೂ ಉಪವಾಸ ಅದ ನೋಡು ಇದು" ಎಂದರು. ಆಮೇಲೆ ನನ್ನನ್ನು ಕೇಳಿದರು, "ಅಂಥ ಹುಳ ಎಲ್ಲಿ ಸಿಗ್ತಾವ?"

"ನಮ್ಮೂರ ಬಾವ್ಯಾಗ ಬಸವನಹುಳ ಭಾಳ ಅದಾವ್ರಿ ಅತ್ಯಾರ. ಕಲ್ಲಿಗೆ ಅಂಟಿಕೊಂಡಿರ್ತಾವ" ಎಂದೆ. ಸುಳ್ಳಲ್ಲ. ಆದರೆ ನಮ್ಮ ರಸ್ತೆಯಲ್ಲೇ ಇದ್ದ ಕಂಬರ ತಲಾವು ಎಂಬ ಕೆರೆಯ ದಂಡೆಯಲ್ಲೂ ಅವು ಬೇಕಾದಷ್ಟಿದ್ದವು. ಅದನ್ನು ನಾನು ಹೇಳಲಿಲ್ಲ.

"ತಗೊಂಡು ಬಾ ಹಂಗಾರ. ಹಿತ್ತಲ ಬಾಗಿಲಿಂದ ಬಾ. ದ್ಯಾವರ ಮನಿ ಕಡೆ ಸುಳೀಬ್ಯಾಡ."

ಹೀಗೆ ಹದಿನೈದು ದಿನಕ್ಕೊಮ್ಮೆ ನನಗೆ ತವರು ಸಿಕ್ಕಿತು. ಒಂದು ರಾತ್ರಿ ಅಲ್ಲಿದ್ದು ಮರುದಿನ ಒದ್ದೆ ಅರಿವೆ ಹಾಸಿದ ಡಬ್ಬಿಯಲ್ಲಿ ಹುಳು ತುಂಬಿಕೊಂಡು ಮರಳುತ್ತಿದ್ದೆ. ಮೊದಮೊದಲು ಎಳೆಯವನ್ನು ಜಜ್ಜಿ ಹಾಕಿದೆ. ತಿಂಗಳು ಕಳೆಯುವುದರೊಳಗೆ ಫುಗ್ಗಾ ಇಡೀ ಹುಳುವನ್ನೇ ಕಚ್ಚತೊಡಗಿತು, ಅಡಕೆ ಕತ್ತರಿಸಿದ ಹಾಗೆ ಸದ್ದು. ತಡವಳದಲ್ಲಿ ನಾನು ಮಾಡುತ್ತಿದ್ದುದು ಒಂದೇ ಕೆಲಸ. "ಮಾತಿಲ್ಲ ಕತಿಯಿಲ್ಲ, ಮಕ್ಕೊಳಾಕ ಬರ್ತಿಯೇನವ್ವಾ?" ಎಂದು ಅವ್ವ ನೊಂದುಕೊಳ್ಳುತ್ತಿದ್ದಳು. ಉತ್ತರ ಕೊಡುವಷ್ಟರಲ್ಲಿ ನನಗೆ ಕಣ್ಣು ಹತ್ತಿರುತ್ತಿತ್ತು.

ಮುಂದಿನ ಬೇಸಿಗೆ. ನಾನು ತಡವಳಕ್ಕೆ ಹೊರಡುವ ಹಿಂದಿನ ದಿನ, ಮಟಮಟ ಮಧ್ಯಾಹ್ನ ಕರೆಂಟ್ ಹೋಯಿತು. ಚೊಂಬು ಹಿಡಿದು ತೊಟ್ಟಿಯ ಪಕ್ಕ ನಿಂತೆ. ಸ್ವಲ್ಪ ಗೋಡೆಗೆ ಒರಗಿದ್ದೇ ನೆಪ, ಕುಸಿದು ಕುಳಿತವಳಿಗೆ ಯಾವಾಗ ನಿದ್ದೆ ಬಂತೋ ತಿಳಿಯಲಿಲ್ಲ. ಎಚ್ಚರವಾದಾಗ ಫುಗ್ಗಾ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ನಾನು ಅತ್ತುಬಿಟ್ಟೆ. ಮೀನಿಗಾಗಿ ಅಳು ಬಂತು ಎಂದರೆ ಸುಳ್ಳಾದೀತು. ನಾಳೆಯ ಬಸ್ಸು ಹೋಯಿತಲ್ಲ ಎಂದು ಬಂದ ಅಳು ಅದು, ಹಾಗೆ ಅತ್ತದ್ದಕ್ಕೆ ನಾಚಿಕೆಯೂ ಆಯಿತು.

ನಮ್ಮ ಅತ್ತೆಯವರು ಬಂದರು. ತೊಟ್ಟಿ ನೋಡಿದರು, ನನ್ನ ಮಡಿಲಲ್ಲಿದ್ದ ಚೊಂಬು ನೋಡಿದರು. ಬೈಯಲಿಲ್ಲ. ತೊಟ್ಟಿಯ ಮೇಲೆ ಒಂದು ಹಳೆಯ ಪಂಚೆ ಹೊದಿಸಿದರು.

"ನಾಳಿಗೆ ನಿಮ್ಮೂರಿಗೆ ಹೋಗೂದಲ್ಲೇನು?"

"ಇನ್ನ ಹುಳ ಯಾಕ್ರಿ ಅತ್ಯಾರ?"

"ಹುಳ ನಮ್ಮ ತಲಾವದಾಗೂ ಸಿಗ್ತಿದ್ದವು. ನನಗೇನು ಗೊತ್ತಿರಲಿಲ್ಲ ಅಂದುಕೊಂಡಿ?" ಎಂದರು ಅವರು, ಪಂಚೆಯ ಅಂಚು ಸರಿಮಾಡುತ್ತ. "ಡಬ್ಬಿ ತಗೊಂಡು ಹೋಗು, ಗಂಡಸರು ಕೇಳಂಗಿಲ್ಲ. ಮಕ್ಕೊಂಡು ಬಾ."