ದೊಡ್ಡಮ್ಮನ ಮನೆ ದಾಟದ ಮಾತು

ನಮ್ಮ ದೊಡ್ಡಮ್ಮನ ಹೆಬ್ಬೆರಳನ್ನು ಫೋನು ಗುರುತಿಸುತ್ತಿರಲಿಲ್ಲ. ವರ್ಷಗಟ್ಟಲೆ ಹುಣಸೆಹಣ್ಣು ಕುಟ್ಟಿ, ಬೀಜ ಬಿಡಿಸಿ ಅದರ ತುದಿ ಕಪ್ಪಾಗಿ ಒರಟಾಗಿತ್ತು. ಹಾಗಾಗಿ ಕಿರುಬೆರಳಿನಿಂದ ಒತ್ತುತ್ತಿದ್ದಳು, ಇರುವೆ ಹೊಸಕುವವಳ ಹಾಗೆ. ಮನುಷ್ಯರ ಜೊತೆಗೂ ಅವಳದು ಹೆಚ್ಚುಕಡಿಮೆ ಅದೇ ವರಸೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. "ನಿಂಗೆ ಇಕ್ಕಿದ ಮುದ್ದೇಲಿ ಒಂದು ಎಮ್ಮೆ ಸಾಕ್ಬೋದಿತ್ತು ಕಣೇ" ಅನ್ನುತ್ತಲೇ ಇನ್ನೊಂದು ಮುದ್ದೆ ಇಕ್ಕುತ್ತಿದ್ದಳು.

ಬಡವನಹಳ್ಳಿ ಕಡೆಯ ನಮ್ಮೂರು ಗುಡ್ಡದ ಮರೆಯಲ್ಲಿದೆ. ಟವರ್ ಸಿಗುವುದು ಕೆಳಗೆ ರಸ್ತೆಯ ಅಂಗಡಿಯ ಹತ್ತಿರ ಮಾತ್ರ. ಡೇರಿಯ ಕಾರ್ಯದರ್ಶಿ ಎಲ್ಲರ ಫೋನಿಗೂ ಒಂದು ಆಪ್ ಹಾಕಿಕೊಟ್ಟಿದ್ದ. ಟವರ್ ಬೇಡ, ನೆಟ್ ಬೇಡ. ಬ್ಲೂಟೂತ್ ಹಾಕಿಟ್ಟರೆ ಸಾಕು, ಮೆಸೇಜು ಒಂದು ಮನೆಯ ಫೋನಿನಿಂದ ಪಕ್ಕದ ಮನೆಯ ಫೋನಿಗೆ ನೆಗೆಯುತ್ತಾ ಅಂಗಡಿ ಮುಟ್ಟುತ್ತಿತ್ತು. ಅಲ್ಲಿಂದ ಅಂಗಡಿಯವನು ಆಟೋಗೋ ಆಂಬುಲೆನ್ಸಿಗೋ ಫೋನು ಮಾಡುತ್ತಿದ್ದ. ನಡುವಿನ ಒಂದು ಫೋನು ಬಂದ್ ಆದರೂ ಮಾತು ಅಲ್ಲೇ ನಿಲ್ಲುತ್ತಿತ್ತು. ಮೇಲಿನ ಕೇರಿಗೂ ರಸ್ತೆಗೂ ನಡುವೆ ಇದ್ದದ್ದು ಒಂದೇ ಮನೆ, ದೊಡ್ಡಮ್ಮನದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರಂತೆ ಅನ್ನುವ ಗಾದೆಯ ಅರ್ಥ ಮೇಲಿನ ಕೇರಿಯವರಿಗೆ ಚೆನ್ನಾಗಿ ತಿಳಿಯಿತು.

ನನ್ನನ್ನು ಮದುವೆ ಮಾಡಿಕೊಟ್ಟದ್ದೂ ಆ ಕೇರಿಗೇ. ನನ್ನ ಸೀಮಂತಕ್ಕೆ ಅವಳು ಮಾಡಿದ ಒಬ್ಬಟ್ಟನ್ನು ಬಾಯಿಗಿಟ್ಟು ನಮ್ಮತ್ತೆ, "ಬೀಗಿತ್ತಿ ಮನೇಲಿ ಬೆಲ್ಲಕ್ಕೆ ಬರ ಬಂದೈತೇನೋ" ಅಂದುಬಿಟ್ಟರು. ದೊಡ್ಡಮ್ಮ ನಕ್ಕಳು. ಸಂಜೆಗೆ ಅವಳ ಬ್ಲೂಟೂತ್ ಬಂದ್. ಕೇಳಿದವರಿಗೆಲ್ಲ ಒಂದೇ ಉತ್ತರ: "ನಮ್ ಒಬ್ಬಟ್ಟು ಸಪ್ಪೆ ಅಂದ್ಮೇಲೆ ನಮ್ ಫೋನೂ ಸಪ್ಪೇನೇ ಕಣಪ್ಪ."

ನನಗೆ ನೋವು ಬಂದದ್ದು ದಿನ ತುಂಬುವ ಮೊದಲೇ, ಮಟಮಟ ಮಧ್ಯಾಹ್ನ. ಗಂಡ ಬಲಸಮುದ್ರದ ಕಡೆ ಸೋಲಾರ್ ಕೆಲಸಕ್ಕೆ ಹೋಗಿದ್ದ. 'ಆಂಬುಲೆನ್ಸ್ ಬೇಕು' ಎಂದು ನಾನು ಕಳಿಸಿದ ಮೆಸೇಜು ಕದಲಲಿಲ್ಲ. ದೊಡ್ಡಮ್ಮ ಬ್ಲೂಟೂತ್ ಹಾಕಬಹುದೆಂದು ಕಾದು ಕಾದು ಕಡೆಗೆ ಅತ್ತೆಯೇ ರಸ್ತೆಗೆ ಓಡಿದರು. ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದ ದೊಡ್ಡಮ್ಮ ತಲೆಯೆತ್ತಿ, "ಏನ್ ಬೀಗಿತ್ತಮ್ಮ, ಇವತ್ತು ಕಾಲ್ನಡಿಗೇನಾ?" ಅಂದಳು. ಅತ್ತೆಯದೂ ಕಡಿಮೆ ಹಟವಲ್ಲ. ಯಾಕೆ ಓಡುತ್ತಿದ್ದೇನೆಂದು ಹೇಳದೆ ಮುಖ ತಿರುಗಿಸಿ ಹೋದರು. ಇವರು ಒಂದು ಮಾತು ಆಡಿದ್ದರೆ, ಅವಳು ಆ ಕಿರುಬೆರಳು ಒತ್ತಿದ್ದರೆ, ಆಂಬುಲೆನ್ಸ್ ಆಗಲೇ ಹೊರಡುತ್ತಿತ್ತು. ಮಧುಗಿರಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಹೋಗಿತ್ತು. ಹೆಣ್ಣುಮಗು.

ಮಂಚದ ಪಕ್ಕ ಬಂದು ನಿಂತ ದೊಡ್ಡಮ್ಮ ಅಳಲಿಲ್ಲ. "ನಾ ಬಂದ್ ಮಾಡಿದ್ದು ನಿಮ್ಮತ್ತೆಗೆ ಕಣೇ, ನಿಂಗಲ್ಲ" ಅಂದಳು. ಕ್ಷಮೆ ಕೇಳುವುದೆಂದರೆ ಅವಳಿಗೆ ಗೊತ್ತಿದ್ದದ್ದು ಅಷ್ಟೇ. ನಾನು ಗೋಡೆಯ ಕಡೆ ತಿರುಗಿದೆ.

ಅವತ್ತಿನಿಂದ ಅವಳ ಫೋನು ಆರಲಿಲ್ಲ. ಕರೆಂಟು ಕೈಕೊಟ್ಟರೆ ಇರಲಿ ಎಂದು ಪವರ್‌ಬ್ಯಾಂಕ್ ತಂದಳು. ಹೊಲಕ್ಕೆ ಹೋದರೂ ಫೋನನ್ನು ಕಿಟಕಿಯಲ್ಲೇ ಬಿಟ್ಟು ಹೋಗುತ್ತಿದ್ದಳು. ಅತ್ತೆಯ ಮಾತೂ ಸರಾಗವಾಗಿ ದಾಟುತ್ತಿತ್ತು. ನನ್ನದು ಮಾತ್ರ ಇಲ್ಲ. ನಾನು ಕಳಿಸುತ್ತಲೇ ಇರಲಿಲ್ಲ. ಏನು ಬೇಕಿದ್ದರೂ ಅವಳ ಜಗಲಿ ಮುಂದೆಯೇ ತಲೆ ತಿರುಗಿಸದೆ ನಡೆದು ಅಂಗಡಿಗೆ ಹೋಗುತ್ತಿದ್ದೆ. "ಬಿಸ್ಲಲ್ಲಿ ಯಾಕ್ ಸಾಯ್ತೀಯೇ, ಫೋನ್ ಹಾಕಿಟ್ಟಿವ್ನಲ್ಲ!" ಎಂದು ಹಿಂದಿನಿಂದ ಕೂಗುತ್ತಿದ್ದಳು. ಆ ದನಿ ಒಡೆಯುವುದನ್ನು ಕೇಳಿ ನನಗೆ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಮುದ್ದೆಯ ಜೊತೆ ಹಟವನ್ನೂ ಉಣ್ಣಿಸಿ ಬೆಳೆಸಿದವಳು ಅವಳೇ. ಎರಡರ ಋಣವೂ ನನ್ನ ಮೇಲಿದೆ.

ಈ ಬೇಸಿಗೆಯ ಒಂದು ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೊರಟ ಅತ್ತೆ ಅರ್ಧದಾರಿಯಿಂದ ಏದುಸಿರು ಬಿಡುತ್ತಾ ವಾಪಸು ಬಂದರು. "ನಿಮ್ ದೊಡ್ಡಮ್ಮ ಹೋಗ್ಬುಟ್ರು ಕಣಮ್ಮ. ಜಗಲಿ ಮೇಲೆ ಕೂತಂಗೇ ಅವ್ರೆ" ಅಂದರು.

ನೆಂಟರಿಗೆ ತಿಳಿಸಬೇಕಿತ್ತು. ಅತ್ತೆಗೆ ಮತ್ತೆ ಇಳಿಯುವ ಶಕ್ತಿಯಿರಲಿಲ್ಲ, ಆ ಜಗಲಿ ಮುಂದೆ ಹಾದುಹೋಗುವುದು ನನ್ನಿಂದಲೂ ಆಗುತ್ತಿರಲಿಲ್ಲ. ಆಪ್ ತೆರೆದೆ. 'ಆಂಬುಲೆನ್ಸ್ ಬೇಕು' ಇನ್ನೂ ಅಲ್ಲೇ ಇತ್ತು. ಅದರ ಕೆಳಗೆ 'ದೊಡ್ಡಮ್ಮ ಹೋದರು, ಎಲ್ಲರಿಗೂ ತಿಳಿಸಿ' ಎಂದು ಬರೆದು ಒತ್ತಿದೆ.

ಅಂಗಡಿಯಿಂದ ಉತ್ತರ ಕೂಡಲೇ ಬಂತು. ಅವಳ ಫೋನು ಕಿಟಕಿಯಲ್ಲಿ ಚಾರ್ಜಿಗೆ ಹಾಕಿಯೇ ಇತ್ತು.